ಎಡಿಟರ್ ಆಜ್ಞೆಗಳಲ್ಲಿ ಫಂಕ್ಷನ್ ಬಳಕೆ ಮತ್ತು ಹಳಗನ್ನಡ ಗ್ರಂಥಸಂಪಾದನೆ

ಕನ್ನಡ ಗ್ರಂಥಸಂಪಾದನೆಯು ಓಲೆಗರಿಯಿಂದ ಕಾಗದಕ್ಕೆ, ಕಾಗದದಿಂದ ಗಣಕಯಂತ್ರಕ್ಕೆ ಬಂದಿದೆ. ಕಾವ್ಯವೊಂದರ ಪಾಠವನ್ನು ಟೈಪ್ ಮಾಡಿ, ತಿದ್ದಿ, ಮುದ್ರಣಕ್ಕೆ ಸಿದ್ಧಪಡಿಸುವ ಕೆಲಸವೆಲ್ಲ ಇಂದು ಗಣಕದ ಪರದೆಯ ಮೇಲೆಯೇ ನಡೆಯುತ್ತದೆ. ಹೀಗೆ ಸಾಧನವು ಬದಲಾದಾಗ ಸಂಪಾದಕನ ಹೊಣೆಯ ಸ್ವರೂಪವೂ ಬದಲಾಗುತ್ತದೆ ಎಂಬುದನ್ನು ನಾವು ಸಾಕಷ್ಟು ಗಮನಿಸಿದಂತಿಲ್ಲ. ಓಲೆಗರಿಯನ್ನು ನಕಲು ಮಾಡಿದ ಲಿಪಿಕಾರನು ಒಂದೊಂದು ಅಕ್ಷರವನ್ನು ಒಂದೊಂದು ಸಲ ತಿದ್ದುತ್ತಿದ್ದನು. ಗಣಕದ ಮುಂದೆ ಕುಳಿತ ಸಂಪಾದಕನು ‘ಹುಡುಕಿ ಬದಲಿಸು’ ಎಂಬ ಒಂದೇ ಆಜ್ಞೆಯಿಂದ ಸಾವಿರ ಕಡೆ ತಿದ್ದಬಲ್ಲನು. ಹಾಗೆ ತಿದ್ದಿದ್ದಕ್ಕೆ ಯಾವ ಗುರುತೂ ಉಳಿಯದಿರಬಹುದು. ಪ್ರಸ್ತುತ ಲೇಖನವು ಈ ಸಮಸ್ಯೆಗೆ ಪಠ್ಯ ಎಡಿಟರುಗಳಲ್ಲಿಯೇ ಇರುವ ಒಂದು ಸೌಲಭ್ಯವನ್ನು, ಎಂದರೆ ಆಜ್ಞೆಯೊಳಗೆ ಫಂಕ್ಷನ್ನನ್ನು ಕರೆಯುವ ಕ್ರಮವನ್ನು, ಪರಿಹಾರವಾಗಿ ಸೂಚಿಸುತ್ತದೆ. ಇಲ್ಲಿ ‘ಎಡಿಟರ್’ ಎಂದರೆ ತಂತ್ರಾಂಶ, ‘ಸಂಪಾದಕ’ ಎಂದರೆ ವಿದ್ವಾಂಸ ಎಂದು ತಿಳಿಯಬೇಕು. ಆಜ್ಞೆಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಯಂತ್ರಕ್ಕೆ ಕೊಡುವಾಗ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

1. ಆದೇಶ: ವ್ಯಾಕರಣದಲ್ಲಿ ಮತ್ತು ಎಡಿಟರಿನಲ್ಲಿ

ಲೋಪ, ಆಗಮ, ಆದೇಶ ಎಂಬ ಮೂರು ಬಗೆಯ ಸಂಧಿಕಾರ್ಯಗಳು ಕನ್ನಡ ಅಧ್ಯಾಪಕರಿಗೆ ಚಿರಪರಿಚಿತ. ಇದ್ದ ಅಕ್ಷರ ಹೋಗುವುದು ಲೋಪ. ಇಲ್ಲದ ಅಕ್ಷರ ಬರುವುದು ಆಗಮ. ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಬಂದು ನಿಲ್ಲುವುದು ಆದೇಶ. ಆಗಮವು ಮಿತ್ರನಂತೆ, ಆದೇಶವು ಶತ್ರುವಿನಂತೆ ಎಂದು ವೈಯಾಕರಣರು ಹೇಳುವುದುಂಟು. ಮಿತ್ರನು ಬಂದು ಪಕ್ಕದಲ್ಲಿ ಕೂರುತ್ತಾನೆ. ಶತ್ರುವಾದರೋ ಇದ್ದವನನ್ನು ಓಡಿಸಿ ಅವನ ಜಾಗದಲ್ಲಿಯೇ ಕೂರುತ್ತಾನೆ. ಎಡಿಟರುಗಳಲ್ಲಿ ಅತ್ಯಂತ ಹೆಚ್ಚು ಬಳಕೆಯಾಗುವ ‘ಬದಲಿಸು’ ಎಂಬ ಆಜ್ಞೆಯು ಈ ಅರ್ಥದಲ್ಲಿ ಆದೇಶಕಾರ್ಯವೇ ಆಗಿದೆ. ಅದು ಬಂದ ಮೇಲೆ ಸ್ಥಾನಿಯಾಗಿದ್ದ ಅಕ್ಷರ ಯಾವುದೆಂಬುದು ಪಠ್ಯದಿಂದ ತಿಳಿಯುವುದಿಲ್ಲ.

ಈ ಆಜ್ಞೆಗೆ ದೀರ್ಘವಾದ ಇತಿಹಾಸವಿದೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ರಚಿಸಿದ ‘ಎಡ್’ ಎಂಬ ಎಡಿಟರಿನಲ್ಲಿ ಅದು ‘ಎಸ್’ ಎಂಬ ಒಂದೇ ಅಕ್ಷರದ ಆಜ್ಞೆಯಾಗಿತ್ತು. 1976ರಲ್ಲಿ ಬರ್ಕಲಿಯಲ್ಲಿ ಬಿಲ್ ಜಾಯ್ ಆರಂಭಿಸಿದ ‘ಎಕ್ಸ್’ ಮತ್ತು ‘ವಿಐ’ ಎಡಿಟರುಗಳಿಗೂ, 1991ರಲ್ಲಿ ಡಚ್ ತಂತ್ರಜ್ಞ ಬ್ರಾಮ್ ಮೋಲೆನಾರ್ ಬಿಡುಗಡೆ ಮಾಡಿದ ‘ವಿಮ್’ ಎಡಿಟರಿಗೂ ಅದೇ ಆಜ್ಞೆ ಬಂದಿತು. 1998ರ ವಿಮ್ 5.0 ಆವೃತ್ತಿಯಲ್ಲಿ ಎಡಿಟರಿನೊಳಗೆ ಒಂದು ಸ್ಕ್ರಿಪ್ಟ್ ಭಾಷೆಯು ಸೇರಿತು. 2022ರ 9.0 ಆವೃತ್ತಿಯಲ್ಲಿ ಆ ಭಾಷೆಯ ಹೊಸ ರೂಪವೊಂದು ಬಂದರೂ ಹಳೆಯ ರೂಪವು ಉಳಿದಿದೆ. ಮೋಲೆನಾರ್ 2023ರಲ್ಲಿ ನಿಧನರಾದ ಮೇಲೆ ಸ್ವಯಂಸೇವಕರು ಅದರ ನಿರ್ವಹಣೆಯನ್ನು ಮುಂದುವರಿಸಿದ್ದಾರೆ.

ಸ್ಕ್ರಿಪ್ಟ್ ಭಾಷೆ ಬಂದದ್ದರಿಂದ ಆಜ್ಞೆಯ ಸಾಮರ್ಥ್ಯದಲ್ಲಿ ಒಂದು ಮೂಲಭೂತ ವ್ಯತ್ಯಾಸ ಉಂಟಾಯಿತು. ಅದಕ್ಕೆ ಮೊದಲು ‘ಇದರ ಜಾಗದಲ್ಲಿ ಅದು’ ಎಂದು ಮಾತ್ರ ಹೇಳಲು ಸಾಧ್ಯವಿತ್ತು. ಅನಂತರ ‘ಇದರ ಜಾಗದಲ್ಲಿ, ಇದನ್ನು ನೋಡಿ ಈ ನಿಯಮದಿಂದ ಸಿದ್ಧವಾಗುವ ರೂಪ’ ಎಂದು ಹೇಳಲು ಸಾಧ್ಯವಾಯಿತು. ಮೊದಲನೆಯದು ಪದಪಟ್ಟಿ, ಎರಡನೆಯದು ಸೂತ್ರ.

2. ಆಜ್ಞೆಯ ರಚನೆ

ವಿಮ್ ಎಡಿಟರಿನಲ್ಲಿ ಬದಲಿಸುವ ಆಜ್ಞೆಯ ಸಾಮಾನ್ಯ ರೂಪ ಹೀಗಿದೆ:

:%ಎಸ್/ಹುಡುಕಬೇಕಾದುದು/ಬರಬೇಕಾದುದು/ಜಿ

ಇಲ್ಲಿ ಶೇಕಡಾ ಚಿಹ್ನೆಯು ಇಡೀ ಕಡತವನ್ನು ಸೂಚಿಸುತ್ತದೆ. ಕೊನೆಯ ‘ಜಿ’ ಎಂಬುದು ಸಾಲಿನಲ್ಲಿ ಎಷ್ಟು ಸಲ ಬಂದರೂ ಬದಲಿಸು ಎಂಬುದಕ್ಕೆ ಗುರುತು. ಎರಡನೆಯ ಭಾಗವು ಬ್ಯಾಕ್‌ಸ್ಲ್ಯಾಶ್ ಮತ್ತು ಸಮಚಿಹ್ನೆಯಿಂದ ಆರಂಭವಾದರೆ ಅದರ ಮುಂದಿರುವುದನ್ನು ವಿಮ್ ಬರಿಯ ಅಕ್ಷರಗಳೆಂದು ತಿಳಿಯದೆ, ಬೆಲೆ ಕಟ್ಟಬೇಕಾದ ಅಭಿವ್ಯಕ್ತಿಯೆಂದು ತಿಳಿಯುತ್ತದೆ:

:%ಎಸ್/ಹುಡುಕಬೇಕಾದುದು/\=ಫಂಕ್ಷನ್(ಸಬ್‌ಮ್ಯಾಚ್(0))/ಜಿ

‘ಸಬ್‌ಮ್ಯಾಚ್(0)’ ಎಂಬುದು ಆ ಸ್ಥಳದಲ್ಲಿ ಸಿಕ್ಕಿದ ಪಠ್ಯವನ್ನು, ಎಂದರೆ ವ್ಯಾಕರಣದ ಸ್ಥಾನಿಯನ್ನು, ಫಂಕ್ಷನ್ನಿಗೆ ಒಪ್ಪಿಸುತ್ತದೆ. ಫಂಕ್ಷನ್ ಹಿಂದಿರುಗಿಸುವ ಬೆಲೆಯೇ ಆದೇಶ. ಪ್ರತಿಯೊಂದು ಸ್ಥಳಕ್ಕೂ ಫಂಕ್ಷನ್ ಹೊಸದಾಗಿ ನಡೆಯುವುದರಿಂದ ಪ್ರತಿ ಸ್ಥಳದಲ್ಲಿಯೂ ಬೇರೆ ಬೇರೆ ಆದೇಶ ಬರಬಹುದು.

ಎರಡು ಸಣ್ಣ ಎಚ್ಚರಿಕೆಗಳಿವೆ. ಆಜ್ಞೆಯ ಭಾಗಗಳನ್ನು ಬೇರ್ಪಡಿಸುವ ಚಿಹ್ನೆಯು ಅಭಿವ್ಯಕ್ತಿಯ ಒಳಗೆ ಬರಕೂಡದು. ಒಳಗೆ ಸ್ಲ್ಯಾಶ್ ಬೇಕಾದಲ್ಲಿ ಬೇರ್ಪಡಿಸಲು # ಮುಂತಾದ ಬೇರೆ ಚಿಹ್ನೆಯನ್ನು ಬಳಸಬೇಕು. ಬಳಕೆದಾರನು ರಚಿಸುವ ಸಾಮಾನ್ಯ ಫಂಕ್ಷನ್ನಿನ ಹೆಸರು ಇಂಗ್ಲಿಷಿನ ದೊಡ್ಡ ಅಕ್ಷರದಿಂದ ಮೊದಲಾಗಬೇಕು. ಕನ್ನಡದಲ್ಲಿ ಹೆಸರಿಡಲು ವಿಮ್ ಬಿಡುವುದಿಲ್ಲ.

ಇದು ವಿಮ್ ಒಂದಕ್ಕೇ ಸೀಮಿತವಾದ ಸೌಲಭ್ಯವಲ್ಲ. ಲಿಸ್ಪ್ ಭಾಷೆಯ ಮೇಲೆ ನಿಂತಿರುವ ಗ್ನು ಈಮ್ಯಾಕ್ಸ್ ಎಡಿಟರಿನಲ್ಲಿ 2007ರ 22ನೆಯ ಆವೃತ್ತಿಯಿಂದ ಇದೇ ಕೆಲಸವನ್ನು ಬ್ಯಾಕ್‌ಸ್ಲ್ಯಾಶ್ ಮತ್ತು ಅಲ್ಪವಿರಾಮದ ಮುಂದೆ ಲಿಸ್ಪ್ ಅಭಿವ್ಯಕ್ತಿಯನ್ನು ಬರೆದು ಮಾಡಬಹುದು. ಅಲ್ಲಿ ಫಂಕ್ಷನ್ನುಗಳಿಗೆ ಕನ್ನಡದಲ್ಲಿಯೇ ಹೆಸರಿಡಲೂ ಅವಕಾಶವಿದೆ. ಟರ್ಮಿನಲ್ ಕಿಟಕಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡದಿರುವುದುಂಟು. ಅಂಥಲ್ಲಿ ಕಾಣುವ ರೂಪವನ್ನು ಕಂಡು ಪಠ್ಯವೇ ಕೆಟ್ಟಿದೆಯೆಂದು ಭಾವಿಸಿ ತಿದ್ದಲು ಹೊರಡಬಾರದು.

3. ಎರಡು ಸರಳ ಪ್ರಯೋಗಗಳು

ಮೊದಲನೆಯದು ಪದ್ಯಸಂಖ್ಯೆಯ ಸಮಸ್ಯೆ. ಆಶ್ವಾಸವೊಂದರ ಹನ್ನೆರಡನೆಯ ಪದ್ಯವಾದ ಮೇಲೆ ಮತ್ತೊಂದು ಪ್ರತಿಯಲ್ಲಿ ಮಾತ್ರ ದೊರೆಯುವ ಪದ್ಯವನ್ನು ಸಂಪಾದಕನು ಸೇರಿಸಿದನೆನ್ನೋಣ. ಅಲ್ಲಿಂದ ಮುಂದಿನ ಎಲ್ಲ ಪದ್ಯಗಳ ಸಂಖ್ಯೆಯೂ ಒಂದೊಂದು ಹೆಚ್ಚಬೇಕು. ಸಾಮಾನ್ಯ ರೀತಿಯಲ್ಲಿ ೧೩ಕ್ಕೆ ಬದಲಾಗಿ ೧೪, ೧೪ಕ್ಕೆ ಬದಲಾಗಿ ೧೫ ಎಂದು ಕ್ರಮವಾಗಿ ಆಜ್ಞೆ ಕೊಡುತ್ತ ಹೋದರೆ, ಮೊದಲ ಆಜ್ಞೆಯಿಂದ ಹುಟ್ಟಿದ ೧೪ ಎರಡನೆಯ ಆಜ್ಞೆಗೂ ಗುರಿಯಾಗಿ, ಕೊನೆಗೆ ಎಲ್ಲ ಪದ್ಯಗಳಿಗೂ ಒಂದೇ ಸಂಖ್ಯೆ ಉಳಿಯುತ್ತದೆ. ಫಂಕ್ಷನ್ ಬಳಸಿದಾಗ ಪ್ರತಿ ಸಂಖ್ಯೆಯನ್ನೂ ಒಂದೇ ಸಲ ಮುಟ್ಟುವುದರಿಂದ ಈ ತೊಡಕಿಲ್ಲ. ಎರಡು ದಂಡಗಳ ನಡುವೆ ಇರುವ ಕನ್ನಡ ಅಂಕಿಗಳನ್ನು ಹುಡುಕಿ, ‘ಟಿಆರ್’ ಎಂಬ ಸಿದ್ಧ ಫಂಕ್ಷನ್ನಿನಿಂದ ಅವುಗಳನ್ನು 0 ಮೊದಲಾದ ಅಂಕಿಗಳಿಗೆ ತಂದು, ಒಂದನ್ನು ಕೂಡಿಸಿ, ಮತ್ತೆ ‘ಟಿಆರ್’ ಮೂಲಕವೇ ಕನ್ನಡ ಅಂಕಿಗಳಿಗೆ ಒಯ್ಯಬೇಕು. ಮೂರಂಕಿಯ ಅಂದಕ್ಕಾಗಿ ೦೧೦ ಎಂದು ಬರೆದಿರುವ ಕಡತಗಳಲ್ಲಿ ‘ಎಸ್‌ಟಿಆರ್2ಎನ್ಆರ್’ ಎಂಬ ಫಂಕ್ಷನ್ನನ್ನು ನಡುವೆ ಬಳಸುವುದು ಅಗತ್ಯ. ಇಲ್ಲವಾದರೆ ವಿಮ್‌ನ ಹಳೆಯ ಸ್ಕ್ರಿಪ್ಟ್ ಭಾಷೆಯು ಸೊನ್ನೆಯಿಂದ ಮೊದಲಾಗುವ 010 ಅನ್ನು ಅಷ್ಟಮಾನದ ಸಂಖ್ಯೆಯೆಂದು ತಿಳಿದು, ಹತ್ತಕ್ಕೆ ಒಂದು ಕೂಡಿಸಿ ಹನ್ನೊಂದು ಎನ್ನುವ ಬದಲು ಒಂಬತ್ತು ಎಂಬ ಉತ್ತರವನ್ನು ಕೊಡುತ್ತದೆ. ಮುಂದಿನ ಆಶ್ವಾಸದ ಸಂಖ್ಯೆಗಳು ಮತ್ತೆ ಒಂದರಿಂದ ಮೊದಲಾಗುವುದರಿಂದ ಆಜ್ಞೆಯ ವ್ಯಾಪ್ತಿಯನ್ನು ಆಶ್ವಾಸದ ಕೊನೆಯ ಸಾಲಿಗೆ ನಿಲ್ಲಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡನೆಯದು ಪ್ರತಿಗಳ ಸಂಕೇತಾಕ್ಷರಗಳ ಸಮಸ್ಯೆ. ಅಡಿಟಿಪ್ಪಣಿಗಳಲ್ಲಿ ‘ಕ’ ಪ್ರತಿ, ‘ಗ’ ಪ್ರತಿ ಎಂದು ಗುರುತಿಸಿದ ಮೇಲೆ ಈ ಎರಡರ ಹೆಸರುಗಳನ್ನು ಪರಸ್ಪರ ಬದಲಿಸಬೇಕಾದ ಸಂದರ್ಭ ಬರುತ್ತದೆ. ಮೊದಲು ‘ಕ’ ಇದ್ದಲ್ಲೆಲ್ಲ ‘ಗ’ ಎಂದು ಮಾಡಿ, ಆಮೇಲೆ ‘ಗ’ ಇದ್ದಲ್ಲೆಲ್ಲ ‘ಕ’ ಎಂದು ಮಾಡಿದರೆ ಎರಡು ಪ್ರತಿಗಳೂ ಒಂದೇ ಆಗಿಬಿಡುತ್ತವೆ. ಪಾಠಾಂತರಗಳ ಆಧಾರವೇ ಕುಸಿಯುತ್ತದೆ. ಸಂಕೇತಾಕ್ಷರವನ್ನು ಪಡೆದು, ‘ಕ’ ಆದರೆ ‘ಗ’, ‘ಗ’ ಆದರೆ ‘ಕ’ ಎಂದು ಹೇಳುವ ಎರಡು ಸಾಲಿನ ಫಂಕ್ಷನ್ ಇದ್ದರೆ ಒಂದೇ ಆಜ್ಞೆಯಲ್ಲಿ ಕೆಲಸ ಮುಗಿಯುತ್ತದೆ.

4. ವರ್ಗಕ್ರಮವೂ ಸಂಕೇತಸಂಖ್ಯೆಯೂ

ಕನ್ನಡ ಅಕ್ಷರಗಳಿಗೆ ಯೂನಿಕೋಡಿನಲ್ಲಿ ಕೊಟ್ಟಿರುವ ಸಂಖ್ಯೆಗಳು ಭಾರತೀಯ ಭಾಷೆಗಳಿಗಾಗಿ ರೂಪಿಸಿದ 1988ರ ‘ಇಸ್ಕಿ’ ಸಂಕೇತವ್ಯವಸ್ಥೆಯ ಕ್ರಮವನ್ನು ಅನುಸರಿಸಿವೆ. ಅದರ ಹಿಂದೆ ನಮ್ಮ ವರ್ಣಮಾಲೆಯ ವರ್ಗಕ್ರಮವೇ ಇದೆ. ದಶಮಾನದಲ್ಲಿ ಹೇಳುವುದಾದರೆ ಕ ಕಾರದ ಸಂಖ್ಯೆ 3221, ಗ ಕಾರದ್ದು 3223; ತ ಕಾರದ್ದು 3236, ದ ಕಾರದ್ದು 3238; ಪ ಕಾರದ್ದು 3242, ಬ ಕಾರದ್ದು 3244. ಮೂರರಲ್ಲಿಯೂ ಅಂತರ ಎರಡೇ. ಮಳೆಗಾಲ, ಬೆಟ್ಟದಾವರೆ, ಕಂಬನಿ ಎಂಬಲ್ಲಿ ನಾವು ಮೂರು ಜೊತೆಗಳಾಗಿ ಕಲಿಸುವ ಆದೇಶಸಂಧಿಯು ಫಂಕ್ಷನ್ನಿನ ಭಾಷೆಯಲ್ಲಿ ‘ಎರಡನ್ನು ಕೂಡಿಸು’ ಎಂಬ ಒಂದೇ ವಿಧಿಯಾಗುತ್ತದೆ. ಚ, ಟ ವರ್ಗಗಳಿಗೂ ಇದು ಸಲ್ಲುವುದರಿಂದ ವಾಗೀಶ, ಅಜಂತ, ಷಡಾನನ, ಸದಾನಂದ, ಅಬ್ಜ ಎಂಬ ಜಶ್ತ್ವಸಂಧಿಯ ಉದಾಹರಣೆಗಳಲ್ಲಿನ ವ್ಯಂಜನವಿಕಾರವೂ ಇದೇ ವಿಧಿಯೊಳಗೆ ಬರುತ್ತದೆ. ವರ್ಗದ ಪ್ರಥಮಾಕ್ಷರಕ್ಕೆ ತೃತೀಯಾಕ್ಷರ ಎಂಬ ಶಾಸ್ತ್ರದ ಮಾತನ್ನು ಯಂತ್ರಕ್ಕೆ ಯಥಾವತ್ತಾಗಿ ಒಪ್ಪಿಸಿದಂತಾಯಿತು.

ಆದರೆ ವಿಧಿಯು ಸರಳವಾದುದರಿಂದ ಅದರ ಪ್ರಯೋಗವೂ ಸರಳವೆಂದು ತಿಳಿಯಬಾರದು. ಆದೇಶದ ರೂಪವನ್ನು ಫಂಕ್ಷನ್ ಹೇಳಬಲ್ಲದು. ಆದೇಶದ ವಿಷಯವನ್ನು, ಎಂದರೆ ಅದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಹೇಳಲಾರದು. ಪದದ ಮಧ್ಯದಲ್ಲಿ ಕಾಣುವ ಕ ಕಾರವು ಉತ್ತರಪದದ ಆದಿಯೋ ಅಲ್ಲವೋ ಎಂಬುದು ಅಕ್ಷರವನ್ನು ನೋಡಿದ ಮಾತ್ರಕ್ಕೆ ತಿಳಿಯದು. ಪದಚ್ಛೇದ ಮಾಡಿಯೇ ತಿಳಿಯಬೇಕು. ನಿಯಮವು ಯಂತ್ರದ್ದು, ನಿರ್ಣಯವು ಸಂಪಾದಕನದು ಎಂಬ ಈ ವಿಭಾಗವು ಮುಂದಿನ ಚರ್ಚೆಗೆ ಆಧಾರವಾಗಿದೆ.

5. ಶಕಟರೇಫದ ಪ್ರಶ್ನೆ

ಹಳಗನ್ನಡ ಪಠ್ಯಗಳನ್ನು ಗಣಕಕ್ಕೆ ಅಳವಡಿಸುವಾಗ ಅತ್ಯಂತ ಅಪಾಯಕ್ಕೆ ಒಳಗಾಗುವ ಅಕ್ಷರಗಳು ಶಕಟರೇಫವಾದ ಱ ಮತ್ತು ರಳವಾದ ೞ. ಇಂದಿನ ಓದುಗರ ಅನುಕೂಲಕ್ಕೆಂದು ಇವುಗಳನ್ನು ರ ಮತ್ತು ಳ ಎಂದು ಬದಲಿಸುವ ಪ್ರವೃತ್ತಿಯಿದೆ. ಸಾಮಾನ್ಯ ‘ಬದಲಿಸು’ ಆಜ್ಞೆಗೆ ಇದು ಕ್ಷಣಮಾತ್ರದ ಕೆಲಸ. ಆದರೆ ಇದು ಹಿಂದಕ್ಕೆ ಬಾರದ ದಾರಿ. ಅರಿ ಎಂದರೆ ಶತ್ರು, ಅಱಿ ಎಂದರೆ ತಿಳಿ. ತೆರೆ ಎಂದರೆ ಅಲೆ, ತೆಱೆ ಎಂದರೆ ಬಿಚ್ಚು. ಬಾಳ್ ಎಂದರೆ ಖಡ್ಗ, ಬಾೞ್ ಎಂದರೆ ಜೀವಿಸು. ಬದಲಾವಣೆಯ ನಂತರ ಈ ಜೋಡಿಗಳು ಒಂದೊಂದೇ ರೂಪದಲ್ಲಿ ನಿಲ್ಲುತ್ತವೆ. ಅಲ್ಲಿಂದ ಮರಳಿ ಮೂಲರೂಪಕ್ಕೆ ಹೋಗಲು ಯಾವ ಫಂಕ್ಷನ್ನಿಗೂ ಸಾಧ್ಯವಿಲ್ಲ. ಏಕೆಂದರೆ ಎರಡು ಒಂದಾದ ಮೇಲೆ ಭೇದದ ಸಾಕ್ಷ್ಯವೇ ಕಡತದಲ್ಲಿ ಇರುವುದಿಲ್ಲ.

ನಷ್ಟವು ಅರ್ಥದ ಮಟ್ಟಕ್ಕೆ ಮಾತ್ರ ಸೀಮಿತವಲ್ಲ. ಪದ್ಯದ ಪಾದಗಳ ದ್ವಿತೀಯಾಕ್ಷರ ಪ್ರಾಸದಲ್ಲಿ ಕವಿಯು ರ ಮತ್ತು ಱ ಗಳನ್ನು ಬೇರೆಯಾಗಿ ಇಟ್ಟಿದ್ದಾನೆಯೇ, ಬೆರೆಸಿದ್ದಾನೆಯೇ ಎಂಬುದು ಭಾಷೆಯ ಇತಿಹಾಸಕ್ಕೂ ಪಾಠನಿರ್ಣಯಕ್ಕೂ ಸಾಕ್ಷ್ಯವಾಗುತ್ತದೆ. ಒಂದು ಮೌನ ಆಜ್ಞೆಯು ಈ ಸಾಕ್ಷ್ಯವನ್ನು ಅಳಿಸಿದ ಮೇಲೆ ಆ ಕಡತವನ್ನು ನಂಬಿ ಮಾಡಿದ ಯಾವ ಪ್ರಾಸವಿವೇಚನೆಯೂ ನಿಲ್ಲಲಾರದು. ಕಡತದಿಂದ ಕಡತಕ್ಕೆ ನಕಲು ಸುಲಭವಾಗಿರುವ ಈ ಕಾಲದಲ್ಲಿ, ಇಂಥ ಪಾಠವೇ ಮುಂದಿನ ಸಂಶೋಧಕನ ಪಾಲಿಗೆ ‘ಮೂಲ’ವಾಗಿ ಕಾಣುವ ಸಂಭವವೂ ಇದೆ.

6. ಎರಡು ಸುತ್ತಿನ ಕ್ರಮ

ಆಜ್ಞೆಯೊಳಗಿನ ಫಂಕ್ಷನ್ ಬದಲಿಸುವುದಷ್ಟೇ ಅಲ್ಲದೆ ಬರೆದಿಡಲೂ ಬಲ್ಲದು. ಇದನ್ನು ಉಪಯೋಗಿಸಿಕೊಂಡು ಕೆಳಗಿನ ಕ್ರಮವನ್ನು ಸೂಚಿಸಬಹುದು.

ಮೊದಲ ಸುತ್ತಿನಲ್ಲಿ ಫಂಕ್ಷನ್ ಏನನ್ನೂ ಬದಲಿಸುವುದಿಲ್ಲ. ಎಡಿಟರುಗಳು ಸ್ವರಚಿಹ್ನೆ ಸೇರಿದ ಅಕ್ಷರವನ್ನು ಒಂದೇ ಘಟಕವಾಗಿ ಎಣಿಸುವುದುಂಟು. ಆದ್ದರಿಂದ ಬರಿಯ ಱ ವನ್ನು ಹುಡುಕುವ ಬದಲು ತೆರಪಿಲ್ಲದ ಅಕ್ಷರಗುಂಪನ್ನು, ಎಂದರೆ ಇಡೀ ಪದವನ್ನು, ಫಂಕ್ಷನ್ನಿಗೆ ಒಪ್ಪಿಸುವುದು ಲೇಸು. ಫಂಕ್ಷನ್ ಆ ಪದವನ್ನು ‘ಎಸ್‌ಟಿಆರ್2ಲಿಸ್ಟ್’ ಎಂಬ ಸಿದ್ಧ ಫಂಕ್ಷನ್ನಿನಿಂದ ಸಂಖ್ಯೆಗಳ ಪಟ್ಟಿಯಾಗಿ ಬಿಡಿಸುತ್ತದೆ; 2019ರ ಕೊನೆಯಲ್ಲಿ ಬಂದ ವಿಮ್ 8.2 ಆವೃತ್ತಿಯಲ್ಲಿ ಈ ಸೌಲಭ್ಯವಿದೆ. ಪಟ್ಟಿಯಲ್ಲಿ 3249 ಇದ್ದರೆ ಅಲ್ಲಿ ಱ ಇದೆ, 3294 ಇದ್ದರೆ ೞ ಇದೆ ಎಂದರ್ಥ. ೞ ಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ‘ಫಾ’ ಎಂಬ ತಪ್ಪು ಹೆಸರು ಬಿದ್ದಿದ್ದು, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ಅದು ಹಾಗೆಯೇ ಉಳಿದಿದೆ. ಆದುದರಿಂದ ಹೆಸರಿಗಿಂತ ಸಂಖ್ಯೆಯನ್ನು ನಂಬುವುದು ಕ್ಷೇಮ. ಇಂಥ ಪದ ಸಿಕ್ಕಿದಾಗಲೆಲ್ಲ ಫಂಕ್ಷನ್ ಒಂದು ಕ್ರಮಸಂಖ್ಯೆಯನ್ನು ಹೆಚ್ಚಿಸಿ, ಕ್ರಮಸಂಖ್ಯೆ, ಸಾಲಿನ ಸಂಖ್ಯೆ, ಇರುವ ರೂಪ, ಉದ್ದೇಶಿತ ರೂಪ ಈ ನಾಲ್ಕನ್ನೂ ಪಟ್ಟಿಗೆ ಸೇರಿಸಿ, ಬಂದ ಪದವನ್ನು ಹಾಗೆಯೇ ಹಿಂದಿರುಗಿಸುತ್ತದೆ. ಕೊನೆಗೆ ‘ರೈಟ್‌ಫೈಲ್’ ಫಂಕ್ಷನ್ ಪಟ್ಟಿಯನ್ನು ಬೇರೆ ಕಡತಕ್ಕೆ ಬರೆಯುತ್ತದೆ.

ನಡುವಿನ ಕೆಲಸ ಸಂಪಾದಕನದು. ಅವನು ಪಟ್ಟಿಯ ಪ್ರತಿಯೊಂದು ಪದವನ್ನೂ ಪ್ರತಿಗಳೊಡನೆ ಹೋಲಿಸಿ ನೋಡಿ, ಒಪ್ಪಿದವುಗಳಿಗೆ ಗುರುತು ಹಾಕಬೇಕು. ಱ ಇದ್ದಲ್ಲೆಲ್ಲ ಬದಲಾವಣೆ ಬೇಕಾಗಿಲ್ಲವೆಂದು ತೋರಿದರೆ ಹಾಗೆಯೇ ಬಿಡಬೇಕು. ಲಿಪಿಕಾರನ ಸ್ಖಾಲಿತ್ಯದಿಂದ ರ ಇರಬೇಕಾದಲ್ಲಿ ಱ ಬಂದಿದ್ದರೆ ಅಲ್ಲಿ ಮಾತ್ರ ತಿದ್ದುವ ಸ್ವಾತಂತ್ರ್ಯವೂ ಅವನಿಗೆ ಇದರಿಂದ ದೊರೆಯುತ್ತದೆ.

ಎರಡನೆಯ ಸುತ್ತಿನಲ್ಲಿ ಇನ್ನೊಂದು ಫಂಕ್ಷನ್ ಗುರುತು ಹಾಕಿದ ಪಟ್ಟಿಯನ್ನು ‘ರೀಡ್‌ಫೈಲ್’ ಮೂಲಕ ಓದಿಟ್ಟುಕೊಂಡು, ಮೊದಲಿನ ಕ್ರಮದಲ್ಲಿಯೇ ಎಣಿಸುತ್ತ ಹೋಗಿ, ಅನುಮತಿ ಪಡೆದ ಕ್ರಮಸಂಖ್ಯೆಗಳಲ್ಲಿ ಮಾತ್ರ ಹೊಸ ರೂಪವನ್ನು ಹಿಂದಿರುಗಿಸುತ್ತದೆ. ಈ ಸುತ್ತಿಗೆ ಮೊದಲು ಎಣಿಕೆಯನ್ನು ಶೂನ್ಯಕ್ಕೆ ತರುವುದು ಅತ್ಯಗತ್ಯ. ತಪ್ಪಿದರೆ ಅನುಮತಿ ಒಂದು ಪದಕ್ಕೆ, ತಿದ್ದುಪಡಿ ಇನ್ನೊಂದು ಪದಕ್ಕೆ ಆಗುತ್ತದೆ. ಎರಡು ಸುತ್ತುಗಳ ನಡುವೆ ಕಡತದಲ್ಲಿ ಬೇರೆ ಯಾವ ತಿದ್ದುಪಡಿಯನ್ನೂ ಮಾಡಬಾರದು. ಕೊನೆಯಲ್ಲಿ ಗುರುತು ಹಾಕಿದ ಪದಗಳ ಮೊತ್ತವೂ ವಾಸ್ತವವಾಗಿ ಬದಲಾದ ಪದಗಳ ಮೊತ್ತವೂ ಸರಿಹೊಂದಬೇಕು. ಹೊಂದದಿದ್ದರೆ ವಿಮ್‌ನಲ್ಲಿ ‘ಯು’ ಎಂಬ ಒಂದೇ ಅಕ್ಷರವನ್ನು ಒತ್ತಿ ಇಡೀ ಆಜ್ಞೆಯ ಪರಿಣಾಮವನ್ನು ಹಿಂತೆಗೆದು, ತಪ್ಪು ಎಲ್ಲಿದೆಯೆಂದು ನೋಡಬಹುದು. ಮೂಲ ಕಡತದ ಮುಟ್ಟದ ಪ್ರತಿಯೊಂದನ್ನು ಬೇರೆಯಾಗಿ ಇಟ್ಟಿರಬೇಕೆಂಬುದು ಎಲ್ಲಕ್ಕೂ ಮೊದಲ ಷರತ್ತು.

ಸ್ಥಳಗಳು ಕೆಲವೇ ಇದ್ದಾಗ ಇಷ್ಟು ದೀರ್ಘವಾದ ಕ್ರಮ ಬೇಡ. ಆಜ್ಞೆಯ ಕೊನೆಯಲ್ಲಿ ‘ಸಿ’ ಎಂಬ ಗುರುತನ್ನು ಸೇರಿಸಿದರೆ ವಿಮ್ ಪ್ರತಿ ಸ್ಥಳದಲ್ಲಿಯೂ ನಿಂತು ಅನುಮತಿ ಕೇಳುತ್ತದೆ. ‘ಎನ್’ ಎಂಬ ಗುರುತನ್ನು ಸೇರಿಸಿದರೆ ಬದಲಿಸದೆ ಎಷ್ಟು ಕಡೆ ಇದೆಯೆಂದು ಮಾತ್ರ ಹೇಳುತ್ತದೆ. ಕನಿಷ್ಠಪಕ್ಷ ಈ ಎಣಿಕೆಯನ್ನಾದರೂ ಮಾಡದೆ ಹಳಗನ್ನಡ ಪಠ್ಯದ ಮೇಲೆ ಸಾರ್ವತ್ರಿಕ ಆಜ್ಞೆಯನ್ನು ನಡೆಸಬಾರದು.

7. ಸಂಪಾದನ ವಿಧಾನದ ದೃಷ್ಟಿಯಿಂದ

ಮೇಲಿನ ಕ್ರಮದಿಂದ ದೊರೆಯುವ ಪಟ್ಟಿಯು ತಾಂತ್ರಿಕ ಅನುಕೂಲವಷ್ಟೇ ಅಲ್ಲ. ಇದ್ದ ಪಾಠ, ಇಟ್ಟ ಪಾಠ, ಸ್ಥಳ ಈ ಮೂರನ್ನೂ ಹೇಳುವ ಆ ಪಟ್ಟಿಯು ಶಾಸ್ತ್ರೀಯ ಸಂಪಾದನೆಯಲ್ಲಿ ಅಡಿಟಿಪ್ಪಣಿಯು ಮಾಡುವ ಕೆಲಸವನ್ನೇ ಮಾಡುತ್ತದೆ. ಸ್ಥಾನಿಯನ್ನು ಓಡಿಸಿದ ಆದೇಶವು ಓಡಿಸಿದ್ದಕ್ಕೆ ಲೆಕ್ಕ ಒಪ್ಪಿಸಿದಂತಾಗುತ್ತದೆ. ಫಂಕ್ಷನ್ನಿನ ಪಠ್ಯವಾದರೋ ಸಂಪಾದಕನು ಅನುಸರಿಸಿದ ನಿಯಮದ ನಿಷ್ಕೃಷ್ಟ ನಿರೂಪಣೆಯಾಗಿರುತ್ತದೆ. ‘ಕಾಗುಣಿತವನ್ನು ಅಲ್ಲಲ್ಲಿ ಏಕರೂಪಗೊಳಿಸಲಾಗಿದೆ’ ಎಂದು ಪೀಠಿಕೆಯಲ್ಲಿ ಬರೆಯುವ ವಾಕ್ಯದಿಂದ ಓದುಗನಿಗೆ ‘ಎಲ್ಲಿ’ ಎಂಬುದೂ ತಿಳಿಯದು, ‘ಹೇಗೆ’ ಎಂಬುದೂ ತಿಳಿಯದು. ಪಟ್ಟಿಯು ಮೊದಲನೆಯದಕ್ಕೂ, ಫಂಕ್ಷನ್ ಎರಡನೆಯದಕ್ಕೂ ಉತ್ತರ ಕೊಡುತ್ತವೆ. ಹೀಗಾಗಿ ಗಣಕದ ನೆರವಿನಿಂದ ಸಿದ್ಧಪಡಿಸಿದ ಪ್ರತಿಯೊಂದು ಹಳಗನ್ನಡ ಪಠ್ಯದ ಜೊತೆಯಲ್ಲಿಯೂ ಈ ಎರಡನ್ನು ಅನುಬಂಧವಾಗಿ ಕೊಡುವುದು ಉಚಿತವೆಂದು ತೋರುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು: ಕನ್ನಡ ಅಧ್ಯಾಪಕರು ಪ್ರೋಗ್ರಾಮಿಂಗ್ ಕಲಿಯಬೇಕೆ? ಇಲ್ಲಿ ಬೇಕಾಗಿರುವುದು ಅಷ್ಟು ದೊಡ್ಡ ವಿದ್ಯೆಯಲ್ಲ. ಸ್ಥಾನಿ ಯಾವುದು, ನಿಮಿತ್ತ ಯಾವುದು, ಆದೇಶ ಯಾವುದು ಎಂದು ಸೂತ್ರವನ್ನು ಬಿಡಿಸಿ ಪಾಠ ಹೇಳುವ ಅಧ್ಯಾಪಕರಿಗೆ ಐದಾರು ಸಾಲಿನ ಫಂಕ್ಷನ್ ಅಪರಿಚಿತವಾದ ವಸ್ತುವಾಗಲಾರದು. ಸಾಲುಗಳನ್ನು ಬರೆಯಲು ತಂತ್ರಜ್ಞರ ನೆರವನ್ನು ಪಡೆಯಬಹುದು. ಆದರೆ ಯಾವ ಪದದಲ್ಲಿ ಶಕಟರೇಫವು ಉಳಿಯಬೇಕು ಎಂಬ ನಿರ್ಣಯವನ್ನು ಅವರಿಗೆ ಒಪ್ಪಿಸಲು ಬರುವುದಿಲ್ಲ. ಅದು ನಿಘಂಟು, ವ್ಯಾಕರಣ, ಛಂದಸ್ಸುಗಳನ್ನು ಬಲ್ಲವರು ಪ್ರತಿಗಳನ್ನು ಮುಂದಿಟ್ಟುಕೊಂಡು ಮಾಡಬೇಕಾದ ಕೆಲಸವಾಗಿಯೇ ಉಳಿಯುತ್ತದೆ.